ನಮ್ಮ ದೆವ್ವಕ್ಕೆ ತೆಲುಗೂ ಬರುತ್ತೆ!

ಅಕ್ಟೋಬರ್ ಬಂತೆಂದರೆ ನಮ್ಮ ಪಡ್ಡೆ ಹುಡುಗರಿಗೆ ಈಗ ಹೊಸದೊಂದು ಹಬ್ಬ ಗಂಟುಬಿದ್ದಿದೆ. ಹೆಸರು ಹ್ಯಾಲೋವೀನ್, ತಾರೀಖು 31. ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳು ಬೀದಿಯಲ್ಲಿ ಇನ್ನೂ ಒಣಗಿರುವುದಿಲ್ಲ, ಅಷ್ಟರಲ್ಲೇ ಬೆಂಗಳೂರಿನ ದೊಡ್ಡ ಹೋಟೆಲಿನವರು ಸಿಹಿಗುಂಬಳಕ್ಕೆ ಕಣ್ಣು, ಹಲ್ಲು ಕೊರೆದು, ಒಳಗೊಂದು ದೀಪ ಇಟ್ಟು ಬಾಗಿಲಲ್ಲಿ ಕೂರಿಸಿರುತ್ತಾರೆ. ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರೋ ನಮ್ಮ ಕಡೆ ಹುಡುಗರು ಅದನ್ನು ನೋಡಿಕೊಂಡು, ಸಂಜೆ ಮಾರಿಕುಪ್ಪಂ ಗಾಡಿಯಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು, ಫೋನಿನಲ್ಲಿ ಒಂದು ದೆವ್ವದ ಪಿಕ್ಚರ್ ಹಾಕಿಕೊಂಡರೆ ಬಂಗಾರಪೇಟೆ ಬರೋ ಹೊತ್ತಿಗೆ ಶುಭಂ!

"ಗುರೂ, ಈ ತಿಂಗಳು ಯಾವ್ಯಾವ ದೆವ್ವ ನೋಡ್ಬೇಕು, ಅಂಕಣದಲ್ಲಿ ಬರೀಬಾರ್ದಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಬರೀತೀನಿ. ಆದರೆ ನನ್ನದೂ ಒಂದು ತಕರಾರಿದೆ. ಅದನ್ನೂ ಕೇಳಿಸಿಕೊಳ್ಳಬೇಕು.

ಮೊದಲು ಆ ಹಬ್ಬದ ಹೆಸರನ್ನೇ ಇಟ್ಟುಕೊಂಡ ಪಿಕ್ಚರ್. 'ಹ್ಯಾಲೋವೀನ್', ತೆರೆಕಂಡಿದ್ದು 1978ರಲ್ಲಿ, ನಿರ್ದೇಶಕ ಜಾನ್ ಕಾರ್ಪೆಂಟರ್. ಹಾಕಿದ ಬಂಡವಾಳ ಮೂರು ಲಕ್ಷ ಡಾಲರಿಗೆ ಚೂರು ಮೇಲೆ, ಬಾಚಿದ್ದು ಸುಮಾರು 7 ಕೋಟಿ ಡಾಲರ್. ಗಾಂಧಿನಗರದ ನಿರ್ಮಾಪಕರು ದಯವಿಟ್ಟು ಈ ಸಾಲನ್ನು ಎರಡು ಸಲ ಓದಿಕೊಳ್ಳಿ! ಕಥೆ ನಡೆಯೋದು ಎಲೆ ಉದುರೋ ಕಾಲದಲ್ಲಿ, ಶೂಟಿಂಗ್ ಮಾಡಿದ್ದು ಎಲೆ ಚಿಗುರೋ ಕಾಲದಲ್ಲಿ. ಎಲೆಗಳಿಗೆ ಬಣ್ಣ ಬಳಿದು ನೆಲಕ್ಕೆ ಚೆಲ್ಲಿದರು, ಶಾಟ್ ಮುಗಿದ ಮೇಲೆ ಅವನ್ನೇ ಗುಡಿಸಿ ಚೀಲಕ್ಕೆ ತುಂಬಿ ಮುಂದಿನ ಶಾಟ್‌ಗೆ ಮತ್ತೆ ಚೆಲ್ಲಿದರು. ಇನ್ನು ಕೊಲೆಗಾರನ ಮುಖವಾಡ. ಅದು 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮುಖವಾಡ, ಅಂಗಡಿಯಲ್ಲಿ ಸಿಗುತ್ತಿದ್ದ ಮಾಲು. ಅದಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ಅಗಲ ಮಾಡಿದರು, ಅಷ್ಟೇ. ಸಂಗೀತಕ್ಕೆ ಬೇರೆಯವರನ್ನು ಕರೆಯಲಿಲ್ಲ, ನಿರ್ದೇಶಕರೇ ಪಿಯಾನೋ ಕುಟ್ಟಿದರು. ಆ ಪಿಯಾನೋ ಈಗಲೂ ರಾತ್ರಿ ಹತ್ತರ ಮೇಲೆ ಕೇಳಿದರೆ ಬೆನ್ನಲ್ಲಿ ಇರುವೆ ಹರಿದಂತಾಗುತ್ತೆ.

ಆದರೆ ಅಲ್ಲಿ ಹೆದರಿಸೋದು ಯಾರು? ಮುಖವೇ ಇಲ್ಲದ ಒಬ್ಬ ಗುರುತಿಲ್ಲದ ಮನುಷ್ಯ. ಮಾತಿಲ್ಲ, ಕಥೆಯಿಲ್ಲ, ಯಾಕೆ ಕೊಲ್ಲುತ್ತಾನೋ ಅವನಿಗೇ ಗೊತ್ತಿಲ್ಲ. ನಮ್ಮ ಕಡೆ ಸತ್ತವರು ಹಾಗಲ್ಲ ಸ್ವಾಮಿ. ಅವರಿಗೆ ಹೆಸರಿದೆ, ಊಟದ ರುಚಿ ಇದೆ, ಸಿಟ್ಟೂ ಇದೆ!

ಹ್ಯಾಲೋವೀನ್ ಅಂದರೆ ಮೂಲದಲ್ಲಿ ಏನು ಗೊತ್ತೇ? ನವೆಂಬರ್ 1 ಸಕಲ ಸಂತರ ಹಬ್ಬ, ಅದರ ಹಿಂದಿನ ರಾತ್ರಿಯೇ ಹ್ಯಾಲೋವೀನ್. ಮಾರನೆಯ ದಿನ, ಅಂದರೆ ನವೆಂಬರ್ 2, ಸತ್ತ ಎಲ್ಲ ಆತ್ಮಗಳ ದಿನ. ಕೆ.ಜಿ.ಎಫ್.ನಲ್ಲಿ ಕುಂಬಳಕಾಯಿ ಕೊರೆಯೋರು ಯಾರೂ ಇಲ್ಲ, ಆದರೆ ನವೆಂಬರ್ 2 ಮಾತ್ರ ತಪ್ಪಿದ್ದಲ್ಲ. ತಮಿಳು ಕ್ರೈಸ್ತರು ಅದನ್ನು ಕಲ್ಲರೈ ತಿರುನಾಳ್ ಅನ್ನುತ್ತಾರೆ, ಸಮಾಧಿ ಹಬ್ಬ. ಕಳೆ ಕಿತ್ತು, ಸಮಾಧಿಗೆ ಸುಣ್ಣ ಹೊಡೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಕೆಲಸ ಹುಡುಕಿಕೊಂಡು ಬೆಂಗಳೂರು, ಚೆನ್ನೈ ಸೇರಿದವರೂ ಅವತ್ತು ಮಕ್ಕಳು ಮರಿ ಕಟ್ಟಿಕೊಂಡು ಗಾಡಿ ಇಳಿಯುತ್ತಾರೆ. ಸಂಜೆ ಸ್ಮಶಾನದಲ್ಲಿ ಸಂತೆಯಷ್ಟು ಜನ. ಯಾರೂ ಹೆದರೋದಿಲ್ಲ. ಹುಡುಗಿಯರನ್ನು ನೋಡೋಕೆ ಬಂದ ಹುಡುಗರೂ ಇರುತ್ತಾರೆ, ಸುಳ್ಳು ಯಾಕೆ!

ಅದಕ್ಕೆ ಸ್ವಲ್ಪ ಮುಂಚೆ ನಮ್ಮ ಮನೆಗಳಲ್ಲಿ ಪಿತೃಪಕ್ಷ ಮುಗಿದಿರುತ್ತೆ. ಎಡೆ ಇಡೋದು ನಿಮಗೆಲ್ಲ ಗೊತ್ತು. ಹೊಸ ಪಂಚೆ, ಮುದ್ದೆ, ಮಟನ್ ಸಾರು, ವಡೆ, ಬದುಕಿದ್ದಾಗ ಹಾಕುತ್ತಿದ್ದ ಹಿರಿಯರಿಗೆ ಒಂದು ಕ್ವಾರ್ಟರ್. ನಮ್ಮಜ್ಜನಿಗೆ ಒಂದು ಕಟ್ಟು ಬೀಡಿ, ಜೊತೆಗೆ ಬೆಂಕಿಪೊಟ್ಟಣ. ಬೆಂಕಿಪೊಟ್ಟಣ ಮರೆತರೆ ಅಜ್ಜಿ ಬೈಯೋಳು: "ಅವ್ರೇನು ಕಡ್ಡಿ ಕೇಳ್ಕೊಂಡು ಪಕ್ಕದ್ಮನೆಗೆ ಹೋಗ್ಬೇಕೇನೋ?" ಬಾಗಿಲು ಹಾಕಿ ಹೊರಗೆ ಕಾಯುತ್ತಿದ್ದೆವು, ಅವರು ಬಂದು ಉಣ್ಣಲಿ ಅಂತ. ಹೀಗೆ ಬೆಳೆದ ಹುಡುಗನಿಗೆ ಬಿಳಿ ಬಣ್ಣದ ಮುಖವಾಡ ಎಷ್ಟು ಹೆದರಿಸೀತು, ನೀವೇ ಹೇಳಿ.

ಹಾಗಾದರೆ ನಮ್ಮ ಬೆಳ್ಳಿತೆರೆಯ ದೆವ್ವ ಯಾರು? ಇಲ್ಲಿ ಒಂದು ತಮಾಷೆ ಇದೆ, ಗಮನವಿಟ್ಟು ಕೇಳಿ.

1993ರಲ್ಲಿ ಮಲಯಾಳದಲ್ಲಿ ಫಾಸಿಲ್ ಸಾಹೇಬರು 'ಮಣಿಚಿತ್ರತ್ತಾಳ್' ಮಾಡಿದರು. ಶೋಭನಾ ಮೈಮೇಲೆ ಬರೋ ನಾಗವಲ್ಲಿ ತಂಜಾವೂರಿನ ನರ್ತಕಿ, ಮಾತಾಡೋದು ತಮಿಳು. ಅದನ್ನೇ ಪಿ. ವಾಸು 2004ರಲ್ಲಿ ಕನ್ನಡಕ್ಕೆ ತಂದರು, 'ಆಪ್ತಮಿತ್ರ'. ಕನ್ನಡದಲ್ಲಿ ನಾಗವಲ್ಲಿ ತೆಲುಗಿನವಳಾದಳು. ಮಾರನೆಯ ವರ್ಷ ಅದೇ ವಾಸು ತಮಿಳಿಗೆ ಹೋಗಿ ರಜನಿಕಾಂತ್‌ಗೆ 'ಚಂದ್ರಮುಖಿ' ಮಾಡಿದರು. ತಮಿಳಲ್ಲೂ ದೆವ್ವ ತೆಲುಗೇ! 2007ರಲ್ಲಿ ಹಿಂದಿಯವರು 'ಭೂಲ್ ಭುಲಯ್ಯಾ' ಅಂದರು, ವಿದ್ಯಾ ಬಾಲನ್ ಮೈಮೇಲೆ ಬಂದವಳು ಬಂಗಾಳಿ ಮಾತಾಡಿದಳು. ನೋಡಿದಿರಾ? ಕಥೆ ಒಂದೇ, ಬೀಗ ಹಾಕಿದ ಕೋಣೆ ಒಂದೇ, ಆದರೆ ಯಾವ ಭಾಷೆಯವರಿಗೂ ತಮ್ಮ ಭಾಷೆ ಮಾತಾಡೋ ದೆವ್ವ ಬೇಡ. ದೆವ್ವ ಯಾವಾಗಲೂ ಹೊರಗಿನಿಂದ ಬಂದವಳೇ ಆಗಬೇಕು. ಅವಳ ಬಾಯಲ್ಲಿ ಬೇರೆ ಭಾಷೆ ಬಂದ ಕೂಡಲೇ ನೋಡೋರು ಬೆಚ್ಚಿಬೀಳಬೇಕು. ಲೆಕ್ಕಾಚಾರ ಸರಿಯಾಗೇ ಇದೆ, ಎಲ್ಲ ಊರಲ್ಲೂ ನಡೆಯಿತು.

ಬಂಗಾರಪೇಟೆಯಲ್ಲಿ ಮಾತ್ರ ನಡೆಯಲಿಲ್ಲ!

ನಾನಾಗ ಪ್ರೈಮರಿ ಸ್ಕೂಲು. ಅಮ್ಮ, ಚಿಕ್ಕಮ್ಮ, ಬೀದಿಯ ಏಳೆಂಟು ಹೆಂಗಸರು, ಅವರ ಸೊಂಟದಲ್ಲಿ ಮಕ್ಕಳು, ಎಲ್ಲ ಸೇರಿ ಮ್ಯಾಟಿನಿಗೆ ಹೋಗಿದ್ದೆವು. ಗಂಗಾ ಹೋಗಿ ನಾಗವಲ್ಲಿಯಾದಳು. ಕಣ್ಣು ಅರಳಿತು, ದನಿ ಬದಲಾಯಿತು, ಗಂಡನ ಮುಂದೆ ಮಂಚ ಎತ್ತಿ ತೆಲುಗಲ್ಲಿ ಗುಡುಗಿದಳು. ಇಡೀ ಟಾಕೀಸು ಗಪ್‌ಚುಪ್. ಆಗ ನಮ್ಮ ಹಿಂದಿನ ಸಾಲಿನಿಂದ ಒಂದು ಮುದುಕಿ, ಪಕ್ಕದ ಮನೆಯವಳನ್ನು ವಿಚಾರಿಸೋ ಧಾಟಿಯಲ್ಲಿ, "ಎಂದುಕಮ್ಮಾ ಅಲ್ಲಾ ಅರುಸ್ತಾವು?" ಅಂದುಬಿಟ್ಟಳು. ಯಾಕಮ್ಮಾ ಹಂಗೆ ಕಿರುಚ್ಕೊಂತೀಯಾ, ಅಂತ! ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು. ಕೋಲಾರ ಜಿಲ್ಲೆಯಲ್ಲಿ ತೆಲುಗು ಮಾತಾಡಿ ಯಾರನ್ನು ಹೆದರಿಸ್ತೀರಿ ಸ್ವಾಮಿ? ಸ್ಕೂಲಲ್ಲಿ ಕನ್ನಡ, ಮನೆಯಲ್ಲಿ ತೆಲುಗು, ಕೆ.ಜಿ.ಎಫ್. ಬಸ್ ಹತ್ತಿದರೆ ತಮಿಳು, ಗ್ಯಾರೇಜಿನಲ್ಲಿ ಉರ್ದು. ನಾಗವಲ್ಲಿ ನಮ್ಮ ಬೀದಿಗೆ ಬಂದಿದ್ದರೆ ಅವಳಿಗೊಂದು ಸಂಬಂಧ ನೋಡಿಬಿಡುತ್ತಿದ್ದರು.

ನಗು ಆದಮೇಲೆ ಆದದ್ದು ನನಗೆ ದೊಡ್ಡವನಾದ ಮೇಲೆ ಅರ್ಥವಾಗಿದ್ದು. ಕೊನೆಯ ಡ್ಯಾನ್ಸು ಬಂತಲ್ಲ, ಆಗ ಹೆಂಗಸರು ಸೆರಗಲ್ಲಿ ಕಣ್ಣು ಒರೆಸುತ್ತಿದ್ದರು. ದೆವ್ವ ಕುಣಿಯುತ್ತಿದ್ದರೆ ಇವರು ಅಳುತ್ತಿದ್ದಾರೆ! ಯಾಕೆಂದರೆ ಸೌಂದರ್ಯ ಮುಳಬಾಗಿಲು ಕಡೆಯ ಹುಡುಗಿ, ನಮ್ಮ ಜಿಲ್ಲೆಯವಳು. 1992ರಲ್ಲಿ 'ಗಂಧರ್ವ'ದಿಂದ ಶುರುಮಾಡಿ, ತೆಲುಗು ಸೀಮೆಯಲ್ಲಿ ದೊಡ್ಡ ತಾರೆಯಾಗಿ, ತಾನೇ ನಿರ್ಮಾಪಕಿಯಾಗಿ ಗಿರೀಶ್ ಕಾಸರವಳ್ಳಿಯವರಿಂದ 'ದ್ವೀಪ' ಮಾಡಿಸಿ ರಾಷ್ಟ್ರದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡವಳು. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಪುಟ್ಟ ವಿಮಾನ ಮೇಲೇರಿದ ಕೆಲವೇ ಕ್ಷಣದಲ್ಲಿ ಬಿತ್ತು. ಜೊತೆಯಲ್ಲಿ ಅಣ್ಣನೂ ಹೋದ. 'ಆಪ್ತಮಿತ್ರ' ತೆರೆಗೆ ಬಂದಿದ್ದು ಆಗಸ್ಟ್ 27ಕ್ಕೆ. ಸತ್ತು ನಾಲ್ಕು ತಿಂಗಳಾದ ಮೇಲೆ ಅವಳು ಬಂದು ನಮ್ಮೆದುರು ದೆವ್ವವಾಗಿ ಕುಣಿದಳು.

ಇದಕ್ಕಿಂತ ದೊಡ್ಡ ದೆವ್ವದ ಕಥೆಯನ್ನು ಯಾವ ಹಾಲಿವುಡ್ಡಿನವನು ಬರೆಯುತ್ತಾನೆ? ಸೋಲಿನ ಮೇಲೆ ಸೋಲು ಕಂಡು ಸಾಲದಲ್ಲಿದ್ದ ದ್ವಾರಕೀಶರನ್ನು ಆ ಚಿತ್ರ ಎತ್ತಿ ನಿಲ್ಲಿಸಿತು. ಆರು ವರ್ಷದ ಮೇಲೆ 'ಆಪ್ತರಕ್ಷಕ' ಬಂತು. 2010ರಲ್ಲಿ ಅದು ತೆರೆಕಂಡಾಗ ವಿಷ್ಣುವರ್ಧನ್ ಇರಲಿಲ್ಲ, 2009ರ ಡಿಸೆಂಬರ್ 30ಕ್ಕೇ ಹೋಗಿದ್ದರು. ಅಭಿಮಾನಿಗಳು ಕಟೌಟಿಗೆ ಹಾಲೆರೆದರು, ಅತ್ತರು. ಈ ಎರಡು ಚಿತ್ರದ ಬಗ್ಗೆ ಶಾಪ ಗೀಪ ಅಂತ ಪುಕಾರು ಹಬ್ಬಿಸೋರು ಇವತ್ತಿಗೂ ಇದ್ದಾರೆ. ನಾನು ಅದನ್ನು ನಂಬೋನಲ್ಲ. ಸತ್ತವರ ಮೇಲೆ ಕಥೆ ಕಟ್ಟಿ ಕಾಸು ಮಾಡೋದು ಬೇರೆ, ಎಡೆ ಇಟ್ಟು ಕರೆಯೋದು ಬೇರೆ.

ಕೆ.ಜಿ.ಎಫ್. ಹುಡುಗರಿಗೆ ಇದರಲ್ಲೊಂದು ಮುಗಿಯದ ಜಗಳ: ನಾಗವಲ್ಲಿ ದೊಡ್ಡವಳೋ, ಚಂದ್ರಮುಖಿ ದೊಡ್ಡವಳೋ? ಜ್ಯೋತಿಕಾ ಕಣ್ಣಿನ ಪಕ್ಷ ಒಂದು, ಸೌಂದರ್ಯ ಪಕ್ಷ ಒಂದು. ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಈ ಮಾತೆತ್ತಿ ನೋಡಿ, ಕೊನೇ ಬಸ್ ತಪ್ಪಿಸಿಕೊಳ್ತೀರಿ. ನನ್ನ ಓಟು ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಭಾಷೆ ಮಾತು ಬಂತು, 'ನಾಳೆ ಬಾ' ಬಿಡೋಹಾಗಿಲ್ಲ. 1990ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಮನೆ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇದನ್ನು ಬರೆದಿದ್ದರು. ರಾತ್ರಿ ದೆವ್ವ ಬಂದು ನಿಮ್ಮವರದೇ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೆ ಕಥೆ ಮುಗೀತು. ಬಾಗಿಲ ಮೇಲೆ 'ನಾಳೆ ಬಾ' ಅಂತಿದ್ದರೆ ಓದಿಕೊಂಡು ವಾಪಸ್. ನಾಳೆ ಬಂದರೆ ಮತ್ತೆ ಅದೇ ಬೋರ್ಡು! ಅಂದರೆ ಕನ್ನಡ ಓದಲು ಬರೋ ದೆವ್ವ, ಮೇಲಾಗಿ ಮರ್ಯಾದಸ್ಥ ದೆವ್ವ. ಅಮ್ಮ ಹೇಳ್ತಾಳೆ, ನಮ್ಮ ಬೀದಿಯಲ್ಲಿ ಒಬ್ಬರು ಯಾವುದಕ್ಕೂ ಇರಲಿ ಅಂತ ಕೆಳಗೆ ತೆಲುಗಲ್ಲೂ 'ರೇಪು ರಾ' ಬರೆಸಿದ್ದರಂತೆ. ಈ ನಮ್ಮ ಸರಕನ್ನೇ ಎತ್ತಿಕೊಂಡು ಹಿಂದಿಯವರು 2018ರಲ್ಲಿ 'ಸ್ತ್ರೀ' ಮಾಡಿ ಕೋಟಿ ಕೋಟಿ ಎಣಿಸಿದರು. ನಾವು ನಾಳೆ ನಾಳೆ ಅಂತ ಕೂತಿದ್ದೆವು!

ಸರಿ, ಕೇಳಿದವರಿಗೆ ನೋಡಬೇಕಾದ್ದನ್ನು ಹೇಳಿಬಿಡ್ತೀನಿ. ವಿಜಯ್ ನಿರ್ದೇಶನದ 'ನಾ ನಿನ್ನ ಬಿಡಲಾರೆ', 1979. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ! ಆ ಕಾಲಕ್ಕೆ ಹೀರೋ ಒಬ್ಬ ಹಾಗೆ ಕೊರಳು ಕೊಂಕಿಸಿ ನಿಲ್ಲಲು ಎಂಟೆದೆ ಬೇಕಿತ್ತು. ಮೇಕಪ್ಪಿಗಿಂತ ಅನಂತನಾಗರ ಒಂದು ಓರೆನೋಟವೇ ಜಾಸ್ತಿ ಹೆದರಿಸುತ್ತೆ. ಆಮೇಲೆ ಯಂಡಮೂರಿ ಕಾದಂಬರಿಯಿಂದ ಬಂದ 'ತುಳಸಿದಳ', 1985. ನಿರ್ದೇಶಕರು ವೇಮಗಲ್ ಜಗನ್ನಾಥರಾವ್, ಹೆಸರಲ್ಲೇ ನಮ್ಮ ಕೋಲಾರದ ಊರು. ಉಪೇಂದ್ರ ಇನ್ನೂ ಹುಡುಗನಾಗಿದ್ದಾಗ ಮಾಡಿದ 'ಶ್!', 1993. ಅದರಲ್ಲಿ ದೆವ್ವ ಸಿನಿಮಾ ಯೂನಿಟ್ಟನ್ನೇ ಹಿಡಿದುಕೊಂಡಿದೆ. ನಮ್ಮ ಸುದೀಪ್ ಹಿಂದಿಗೆ ಹೋಗಿ ಮಾಡಿದ 'ಫೂಂಕ್', 2008. ಟಾಕೀಸಿನಲ್ಲಿ ಒಬ್ಬನೇ ಕೂತು ಪೂರ್ತಿ ನೋಡಿದವನಿಗೆ 5 ಲಕ್ಷ ಕೊಡ್ತೀನಿ ಅಂತ ರಾಮಗೋಪಾಲ ವರ್ಮಾ ಡಂಗುರ ಹೊಡೆದಿದ್ದರು. ಒಬ್ಬನೇ ಕೂತು ನೋಡೋದು ಏನು ಮಜಾ? ಪಕ್ಕದವನ ತೋಳು ಚಿವುಟದೆ ದೆವ್ವದ ಪಿಕ್ಚರ್ ನೋಡಬಾರದು.

ಇನ್ನು ನನ್ನ ತಕರಾರು.

2018ರಲ್ಲಿ 'ಕೆ.ಜಿ.ಎಫ್.' ಪಿಕ್ಚರ್ ಬಂತು. ಸೈನೈಡ್ ಗುಡ್ಡದಲ್ಲಿ ಶೂಟಿಂಗ್, ದೇಶಕ್ಕೆಲ್ಲ ಊರಿನ ಹೆಸರು. ಸಂತೋಷ. ಅದರ ಹಿಂದೆಯೇ ಕ್ಯಾಮೆರಾ ಹಿಡಿದವರ ದಂಡು ಬರಲು ಶುರುವಾಯಿತು. ಅವರಿಗೆ ಕೆ.ಜಿ.ಎಫ್. ಅಂದರೆ 'ದೆವ್ವದ ಊರು'. ಪಾಳುಬಿದ್ದ ಬಂಗಲೆ, ತುಕ್ಕು ಹಿಡಿದ ಶಾಫ್ಟ್, ಬಾವಲಿ, ಮೇಲೆ ಒಂದು ಕಿರುಚಾಟದ ಸಂಗೀತ. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷ ಮೀರಿ ಜನ ಇದ್ದ ಊರು ಇವರ ಕಣ್ಣಿಗೆ ಖಾಲಿ! ಈ ಹುಡುಗರು ಹೋಗೋ ಗಾಡಿಯಲ್ಲಿ ನಿಲ್ಲೋಕೆ ಜಾಗ ಇರೋದಿಲ್ಲ, ಅಷ್ಟೂ ಜನ ದೆವ್ವಗಳಾ? ನೋಡಿ, ಮೊದಲು ಪಕ್ಕದ ಭಾಷೆಯವಳನ್ನು ದೆವ್ವ ಮಾಡಿದರು, ಈಗ ಪಕ್ಕದ ಊರನ್ನೇ ಮಾಡುತ್ತಿದ್ದಾರೆ.

ಹೋದ ವರ್ಷ ಇದೇ ಹಬ್ಬದ ಮುಂಚೆ ಬೆಂಗಳೂರಿನ ನಾಲ್ಕು ಹುಡುಗರು ನನ್ನ ನಂಬರ್ ಹುಡುಕಿ ಫೋನ್ ಮಾಡಿದರು. "ಸರ್, ಒಂದು ಹಾಂಟೆಡ್ ಮನೆ ತೋರ್ಸಿ, ರಾತ್ರಿ ಶೂಟ್ ಮಾಡ್ಬೇಕು, ಎರಡು ಸಾವಿರ ಕೊಡ್ತೀವಿ." ಫ್ರೀಲಾನ್ಸ್ ಬರಹಗಾರನಿಗೆ ಎರಡು ಸಾವಿರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ? ಬನ್ನಿ ಅಂದೆ. ಚಾಂಪಿಯನ್ ರೀಫ್ ಕಡೆ ಒಂದು ಸಾಲು ಲೈನ್ ಮನೆಗೆ ಕರೆದುಕೊಂಡು ಹೋದೆ. ಅರ್ಧ ಗೋಡೆ ಕುಸಿದಿದೆ, ಬೀದಿ ದೀಪ ಇಲ್ಲ. ಹುಡುಗರು ಹಿಗ್ಗಿಹೋದರು. ಒಬ್ಬ ಪಿಸುಮಾತಿನಲ್ಲಿ ಕ್ಯಾಮೆರಾಗೆ ಹೇಳತೊಡಗಿದ: "ಇಪ್ಪತ್ತು ವರ್ಷದಿಂದ ಈ ಮನೆಯೊಳಗೆ ಯಾರೂ ಕಾಲಿಟ್ಟಿಲ್ಲ..."

ಬಾಗಿಲು ಕಿರ್ರೆಂದು ತೆಗೆಯಿತು. ಬಿಳಿ ಕೂದಲು ಬಿಟ್ಟ ಒಂದು ಹೆಂಗಸು! ಇಬ್ಬರು ಚೀರಿಕೊಂಡು ಮೋರಿಗೆ ಕಾಲಿಟ್ಟರು.

"ಯಾರಪ್ಪಾ ತಂಬಿ ಅದು? ಕರೆಂಟ್ ಬಿಲ್ಲಿನವ್ರಾ?"

ಈ ಪಾಟಿ ನನಗೆ ಪರಿಚಯ. ಗಂಡ ಗಣಿಯಲ್ಲಿ ಇಪ್ಪತ್ತೇಳು ವರ್ಷ ದುಡಿದು, ಎದೆಗೆ ಕಲ್ಲಿನ ಧೂಳು ತುಂಬಿಕೊಂಡು ಕೆಮ್ಮಿ ಕೆಮ್ಮಿ ಹೋದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತಲ್ಲ, ಆಮೇಲೂ ಇವರು ಅದೇ ಮನೆಯಲ್ಲಿದ್ದಾರೆ. ಹುಡುಗರನ್ನು ಒಳಗೆ ಕರೆದು ಕೂರಿಸಿದರು. ಹತ್ತಡಿ ಕೋಣೆ, ಗೋಡೆಯಲ್ಲಿ ಗಂಡನ ಫೋಟೋ, ಮೂಲೆಯಲ್ಲಿ ಟಿ.ವಿ.

"ದೆವ್ವ ಐತಾ ಪಾಟಿ ಇಲ್ಲಿ?" ಎಂದು ಒಬ್ಬ ಧೈರ್ಯ ಮಾಡಿ ಕೇಳಿದ.

ಪಾಟಿ ಅಟ್ಟಣಿಗೆಯ ಪಾತ್ರೆ ತೋರಿಸಿದರು. "ಪಿಕ್ಚರ್‌ಲ ಪಾತ್ರೆ ತಾನಾಗೇ ಆಡುತ್ತಲ್ಲ, ನೀವು ಕಿರುಚ್ತೀರಲ್ಲ? ನಮ್ಮನೇಲಿ ನಿಜವಾಗ್ಲೂ ಆಡ್ತಿತ್ತು. ಕೆಳಗೆ ಏರ್ ಬ್ಲಾಸ್ಟ್ ಆದ್ರೆ ಮೇಲೆ ಪಾತ್ರೆಯೆಲ್ಲ ಗಲಗಲ ಅನ್ನೋದು. ಲೈನ್‌ನಾಗೆ ಇರೋ ಹೆಂಗಸ್ರೆಲ್ಲ ಒಲೆ ಮೇಲಿದ್ದದ್ದು ಒಲೆ ಮೇಲೇ ಬಿಟ್ಟು ಶಾಫ್ಟ್‌ಗೆ ಓಡೋದು. ಯಾರ ಗಂಡ ಮೇಲೆ ಬರ್ತಾನೋ, ಯಾರ ಗಂಡ ಬರಲ್ವೋ."

ಓದುಗರಲ್ಲಿ ಹೊರಗಿನವರಿದ್ದರೆ ಒಂದು ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಲೋಕದ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ಅಷ್ಟು ಆಳದಲ್ಲಿ ಕಲ್ಲು ತೆಗೆದು ಟೊಳ್ಳು ಮಾಡಿದರೆ, ಮೇಲಿನ ಭಾರಕ್ಕೆ ಸುತ್ತಲಿನ ಬಂಡೆ ಒಮ್ಮೆಲೇ ಸಿಡಿಯುತ್ತೆ. ಅದೇ ಏರ್ ಬ್ಲಾಸ್ಟ್, ಎಂಜಿನಿಯರುಗಳ ಪುಸ್ತಕದಲ್ಲಿ ರಾಕ್ ಬರ್ಸ್ಟ್. ಭೂಮಿ ನಡುಗಿ ಮೇಲಿನ ಮನೆಗಳಿಗೆಲ್ಲ ಗೊತ್ತಾಗುತ್ತಿತ್ತು.

ಈ ಊರಿನ ಮೇಲೆ ದೆವ್ವ ಇಟ್ಟು ತೆಗೆದ ಒಂದೇ ದೊಡ್ಡ ಪಿಕ್ಚರ್ ಅಂತ ನನಗೆ ಕಾಣೋದು ಪ. ರಂಜಿತ್ ಅವರ 'ತಂಗಲಾನ್', 2024. ವಿಕ್ರಮ್ ಕೌಪೀನ ಕಟ್ಟಿ ಬೆವರು ಸುರಿಸಿದ್ದಾರೆ, ಬಂಗಾರ ಕಾಯೋ ಮಾಯಗಾತಿ ಆರತಿಯಾಗಿ ಮಾಳವಿಕಾ ಮೋಹನನ್. ಎರಡನೇ ಅರ್ಧ ಜಗ್ಗಾಡಿದೆ, ಒಪ್ಪುತ್ತೇನೆ. ಆದರೆ ಅಲ್ಲಿ ದೆವ್ವ ಹೊರಗಿನಿಂದ ಬಂದದ್ದಲ್ಲ. ಮಣ್ಣೂ ಅವಳದೇ, ಬಂಗಾರವೂ ಅವಳದೇ, ಅಗೆಯೋರು ಅವಳ ನೆಂಟರೇ. ಪಾಟಿಯ ಪಾತ್ರೆ ಗಲಗಲ ಅನ್ನೋ ಪಿಕ್ಚರ್ ಮಾತ್ರ ಇನ್ನೂ ಯಾರೂ ತೆಗೆದಿಲ್ಲ. ಅದನ್ನು ತೆಗೆಯೋ ಗಂಡು ಗಾಂಧಿನಗರದಲ್ಲಿದ್ದರೆ ಕಥೆ ಬರೆದುಕೊಡೋಕೆ ನಾನು ತಯಾರು. ಅಡ್ವಾನ್ಸ್ ಮಾತ್ರ ಮೊದಲೇ ಕೊಡಬೇಕು!

ಹುಡುಗರು ಆ ರಾತ್ರಿ ಹನ್ನೊಂದರವರೆಗೂ ಅಲ್ಲೇ ಕೂತಿದ್ದರು. ಕ್ಯಾಮೆರಾ ಬ್ಯಾಗಿಗೆ ಹೋಗಿತ್ತು. ಪಾಟಿ ಕಪ್ಪು ಟೀ ಕೊಟ್ಟರು, ಮುರುಕು ಕೊಟ್ಟರು, ಟಿ.ವಿ.ಯಲ್ಲಿ 'ಚಂದ್ರಮುಖಿ' ಬರುತ್ತಿತ್ತು, ಅದನ್ನೂ ನೋಡಿದರು. ಜ್ಯೋತಿಕಾ ಕಣ್ಣು ಬಿಟ್ಟಾಗ ಮೋರಿಗೆ ಕಾಲಿಟ್ಟಿದ್ದ ಹುಡುಗ ಮತ್ತೆ ಬೆಚ್ಚಿದ. ಪಾಟಿ ಅವನ ಬೆನ್ನು ತಟ್ಟಿ, "ಅವಳು ತೆಲುಗು ಹುಡುಗಿ ತಂಬಿ, ಒಳ್ಳೇವ್ಳು" ಅಂದರು.

ಎರಡು ಸಾವಿರದಲ್ಲಿ ಒಂದು ಸಾವಿರ ಪಾಟಿಗೆ ಕೊಡಿಸಿದೆ. ಮನೆ ತೋರಿಸಿದ್ದಕ್ಕಲ್ಲ, ನವೆಂಬರ್ 2ಕ್ಕೆ ಗಂಡನ ಸಮಾಧಿಗೆ ಸುಣ್ಣ ಹೊಡೆಸಬೇಕು ಅಂತಿದ್ದರು.